ಬೈಂಡಿನಲ್ಲಿ ಇಲ್ಲದ ಸಂಚಿಕೆಯನ್ನೂ ಎಣಿಸಿ: ಹಳೆಯ ವಾರಪತ್ರಿಕೆಯಿಂದ ಅಂಕಿ-ಅಂಶ ತೆಗೆಯುವ ಬಗೆ

ಹಳೆಯ ವಾರಪತ್ರಿಕೆಯ ಬೈಂಡು ಕೈಗೆ ಸಿಕ್ಕ ಕೂಡಲೇ ಮೊದಲ ಪುಟದಿಂದ ಎಣಿಸಲು ಕೂರುವವರೇ ಹೆಚ್ಚು. ಬರಗಾಲದ ಬಗ್ಗೆ ಎಷ್ಟು ಲೇಖನ, ಮುಖಪುಟದಲ್ಲಿ ಹೆಣ್ಣುಮಕ್ಕಳು ಎಷ್ಟು ಸಲ, ಬಿಡಿ ಪ್ರತಿಯ ಬೆಲೆ ಯಾವಾಗ ಏರಿತು ಎಂದು ಗೀಟು ಹಾಕುತ್ತ ಹೋಗುತ್ತಾರೆ. ಆರು ತಿಂಗಳಾದ ಮೇಲೆ ನಕ್ಷೆ ಬಿಡಿಸಿದರೆ ಒಂದು ವರ್ಷ ಧಡಕ್ಕನೆ ಕೆಳಗಿಳಿದಿರುತ್ತದೆ. ಆ ವರ್ಷ ಪತ್ರಿಕೆಗೆ ಬರಗಾಲದ ಮೇಲಿನ ಆಸಕ್ತಿ ಕಡಿಮೆಯಾಯಿತೋ, ಬೈಂಡಿನಲ್ಲಿ ಹದಿನೈದು ಸಂಚಿಕೆ ಇರಲೇ ಇಲ್ಲವೋ? ಮೇಜಿನ ಮೇಲಿರುವ ಗೀಟುಗಳು ಇದಕ್ಕೆ ಉತ್ತರ ಕೊಡುವುದಿಲ್ಲ.

ಹಾಗಾಗಿ ಈ ಕೆಲಸದಲ್ಲಿ ಮೊದಲು ಬರೆಯಬೇಕಾದದ್ದು ಕಪಾಟಿನಲ್ಲಿ ಏನಿದೆ ಎಂಬುದನ್ನಲ್ಲ, ಏನೇನು ಇರಬೇಕಿತ್ತು ಎಂಬುದನ್ನು. 1921ರಲ್ಲಿ ಧಾರವಾಡದಲ್ಲಿ ಶುರುವಾದ ‘ಕರ್ಮವೀರ’ದಂಥ ವಾರಪತ್ರಿಕೆ ಇರಲಿ, 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ಯಂಥ ಮಾಸಪತ್ರಿಕೆ ಇರಲಿ, ಕ್ರಮ ಇದೇ. ಕೆಳಗಿನ ಲೆಕ್ಕಗಳನ್ನೆಲ್ಲ ವಾರಪತ್ರಿಕೆಯನ್ನು ಹಿಡಿದು ಬರೆದಿದೆ. ಮಾಸಪತ್ರಿಕೆಯಾದರೆ ಏಳು ದಿನದ ಜಾಗದಲ್ಲಿ ತಿಂಗಳು ಎಂದು ಓದಿಕೊಳ್ಳಿ.

ಕ್ಯಾಲೆಂಡರ್ ಮೊದಲು, ಕಪಾಟು ಆಮೇಲೆ

ಎಕ್ಸೆಲ್ ಅಥವಾ ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ತೆರೆಯಿರಿ. ಪತ್ರಿಕೆಗೆ ಯಾವ ವಾರದ ತಾರೀಖು ಹಾಕುತ್ತಿದ್ದರು ಎಂದು ನಾಲ್ಕು ಸಂಚಿಕೆ ನೋಡಿ ಗೊತ್ತುಮಾಡಿಕೊಳ್ಳಿ. ರವಿವಾರ ಎಂದಿಟ್ಟುಕೊಳ್ಳೋಣ. ಮೊದಲ ಮನೆಯಲ್ಲಿ 1958-01-05 ಎಂದು ಬರೆದು, ಕೆಳಗಿನ ಮನೆಗೆ ‘ಮೇಲಿನದು ಕೂಡಿಸು 7’ ಎಂಬ ಸೂತ್ರ ಕೊಟ್ಟು ಕೆಳಗೆ ಎಳೆದರೆ ಆ ವರ್ಷದ 52 ರವಿವಾರಗಳು ಬಂದು 1958-12-28ಕ್ಕೆ ನಿಲ್ಲುತ್ತವೆ. ವರ್ಷಕ್ಕೆ 52 ಎಂದು ಬಾಯಿಲೆಕ್ಕ ಮಾತ್ರ ಹಾಕಬೇಡಿ. 1961ರಲ್ಲಿ ಜನವರಿ 1 ಮತ್ತು ಡಿಸೆಂಬರ್ 31 ಎರಡೂ ರವಿವಾರ, ಒಟ್ಟು 53. ಅರವತ್ತು ವರ್ಷದ ಪತ್ರಿಕೆಗೆ ಸುಮಾರು 3,130 ಸಾಲು ಆಗುತ್ತದೆ. ಇದು ಎರಡು ನಿಮಿಷದ ಕೆಲಸ, ಮುಂದಿನದಕ್ಕೆಲ್ಲ ಬುನಾದಿ.

ಈಗ ಗ್ರಂಥಾಲಯಕ್ಕೆ ಹೋಗಿ. ಸಾಲಿನ ಎದುರು ಮೂರೇ ವಿಷಯ ತುಂಬಿ: ಸಂಪುಟ ಸಂಖ್ಯೆ, ಸಂಚಿಕೆ ಸಂಖ್ಯೆ, ಅಚ್ಚಾದ ತಾರೀಖು. ಲೇಖನ, ಚಿತ್ರ, ಜಾಹೀರಾತು ಯಾವುದನ್ನೂ ಈಗ ನೋಡಬೇಡಿ. ನೋಡಿದರೆ ಓದುತ್ತ ಕೂರುತ್ತೀರಿ, ಸಂಜೆಯಾಗುತ್ತದೆ.

“ಎಲ್ಲಾ ಅದಾವ್ರೀ ಸರ, ಒಂದೂ ಬಿಟ್ಟಿಲ್ಲ” ಎಂದು ಕಪಾಟಿನ ಬೀಗ ತೆಗೆಯುವವರು ಹೇಳಿದರೆ ನಂಬಿಕೆಯಿಂದಲೇ ಕೇಳಿಸಿಕೊಂಡು, ಆದರೂ ಎಣಿಸಿ. ಬೈಂಡುಗಳೆಲ್ಲ ಇವೆ ಎಂಬುದು ಅವರ ಮಾತು. ಬೈಂಡಿನೊಳಗೆ ಸಂಚಿಕೆಗಳೆಲ್ಲ ಇವೆ ಎಂದು ಅವರು ಹೇಳಿಲ್ಲ.

ತಾರೀಖು ಮತ್ತು ಸಂಚಿಕೆ ಸಂಖ್ಯೆ ಎರಡು ಬೇರೆ ಬೇರೆ ಗಡಿಯಾರಗಳಿದ್ದ ಹಾಗೆ. ಎರಡನ್ನೂ ಜೊತೆಗಿಟ್ಟು ನೋಡಿದಾಗ ಆದದ್ದೇನು ಎಂದು ತಿಳಿಯುತ್ತದೆ. ತಾರೀಖು 14 ದಿನ ಮುಂದೆ ಹೋಗಿ ಸಂಖ್ಯೆಯೂ ಎರಡು ಹೆಚ್ಚಿದ್ದರೆ, ನಡುವಿನ ಸಂಚಿಕೆ ಅಚ್ಚಾಗಿತ್ತು, ಈ ಬೈಂಡಿನಲ್ಲಿ ಕಳೆದಿದೆ. ತಾರೀಖು 14 ದಿನ ಹೋಗಿ ಸಂಖ್ಯೆ ಒಂದೇ ಹೆಚ್ಚಿದ್ದರೆ ಆ ವಾರ ಪತ್ರಿಕೆ ಹೊರಬಂದೇ ಇಲ್ಲ. ಕಾಗದದ ಕೊರತೆ, ಮುಷ್ಕರ, ಸ್ವಾತಂತ್ರ್ಯಪೂರ್ವದ್ದಾದರೆ 1931ರ ಪತ್ರಿಕಾ ಕಾಯ್ದೆಯ ಕೆಳಗೆ ಕೇಳುತ್ತಿದ್ದ ಠೇವಣಿ, ಹೀಗೆ ಕಾರಣ ಏನೂ ಇರಬಹುದು. ತಾರೀಖು 7 ದಿನವೇ ಹೋಗಿ ಸಂಖ್ಯೆ ಎರಡು ಹಾರಿದ್ದರೆ ಹಿಂದಿನದು ಜೋಡಿ ಸಂಚಿಕೆಯೇ, ಅಂದರೆ ಎರಡು ಸಂಖ್ಯೆ ಸೇರಿಸಿ ಅಚ್ಚು ಹಾಕಿದ ಒಂದೇ ಸಂಚಿಕೆಯೇ ಎಂದು ನೋಡಿ. ಅಲ್ಲವಾದರೆ ಅಚ್ಚಿನ ತಪ್ಪು. ತಾರೀಖು 7 ದಿನ ಹೋಗಿಯೂ ಸಂಖ್ಯೆ ಅಲ್ಲೇ ನಿಂತಿದ್ದರೆ ಅಚ್ಚುಮೊಳೆ ಜೋಡಿಸುವವರು ಹೋದ ವಾರದ ಸಂಖ್ಯೆಯನ್ನು ಬದಲಿಸಲು ಮರೆತಿದ್ದಾರೆ. ಇದು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ ಸಿಗುತ್ತದೆ. ಅಚ್ಚಾದ ಸಂಖ್ಯೆಯನ್ನು ತಿದ್ದಬೇಡಿ, ಪಕ್ಕದಲ್ಲಿ ‘ಸರಿಪಡಿಸಿದ ಸಂಖ್ಯೆ’ ಎಂಬ ಇನ್ನೊಂದು ಕಾಲಂ ಮಾಡಿ.

ಪ್ರತಿ ಸಾಲಿಗೂ ಒಂದು ಸ್ಥಿತಿ ಬೇಕು: ‘ಇದೆ’, ‘ಕಳೆದಿದೆ’, ‘ಬಂದಿಲ್ಲ’, ‘ಜೋಡಿ’, ‘ಗೊತ್ತಿಲ್ಲ’. ಐದೇ ಪದ, ಕಾಗುಣಿತ ಒಂದೇ. ‘ಕಳೆದಿದೆ’ ಮತ್ತು ‘ಬಂದಿಲ್ಲ’ ಎರಡನ್ನೂ ಖಾಲಿ ಬಿಟ್ಟರೆ ಎಲ್ಲ ಶ್ರಮವೂ ಹೊಳೆಗೆ ಹೋಯಿತು. ಕಳೆದಿದ್ದನ್ನು ಬೇರೆ ಊರಲ್ಲಿ ಹುಡುಕಬೇಕು, ಬಾರದಿದ್ದುದನ್ನು ಹುಡುಕಿ ಫಲವಿಲ್ಲ.

ಕಳೆಯುವುದು ಬೇಕಾದ ಸಂಚಿಕೆಯೇ

ಸಂಚಿಕೆಗಳು ಕುರುಡಾಗಿ ಕಳೆಯುವುದಿಲ್ಲ. ದೀಪಾವಳಿ ವಿಶೇಷಾಂಕವನ್ನು ಯಾರೋ ಓದಲು ಒಯ್ದು ತಂದುಕೊಟ್ಟಿರುವುದಿಲ್ಲ. ಚುನಾವಣೆಯ ವಾರದ್ದು, ದೊಡ್ಡವರು ತೀರಿಕೊಂಡ ವಾರದ್ದು, ಊರಿನ ಜಾತ್ರೆಯ ಚಿತ್ರ ಬಂದದ್ದು ಮೊದಲು ಮಾಯವಾಗುತ್ತವೆ. ಧಾರಾವಾಹಿಯ ಪುಟಗಳನ್ನು ಬ್ಲೇಡಿನಿಂದ ಕತ್ತರಿಸಿ ಮನೆಯಲ್ಲಿ ಪುಸ್ತಕ ಹೊಲಿಸಿದವರು ಎಲ್ಲ ಊರಲ್ಲೂ ಇದ್ದರು. ಅಂದರೆ ಉಳಿದದ್ದನ್ನಷ್ಟೇ ಎಣಿಸಿದರೆ ಪತ್ರಿಕೆ ಇದ್ದುದಕ್ಕಿಂತ ಸಪ್ಪೆಯಾಗಿ ಕಾಣುತ್ತದೆ, ಪುಟಗಳ ಸರಾಸರಿಯೂ ಇಳಿಯುತ್ತದೆ. ಆದ್ದರಿಂದ ವಿಶೇಷಾಂಕಕ್ಕೆ ಒಂದು ಗುರುತಿನ ಕಾಲಂ ಇಟ್ಟು, ಸಾಮಾನ್ಯ ಸಂಚಿಕೆಯ ಸರಾಸರಿ ಮತ್ತು ವಿಶೇಷಾಂಕದ ಸರಾಸರಿಯನ್ನು ಎಂದೂ ಕಲಸಬೇಡಿ.

ಒಂದು ಗ್ರಂಥಾಲಯದ ತೂತನ್ನು ಇನ್ನೊಂದು ಮುಚ್ಚುತ್ತದೆ. ಧಾರವಾಡದಲ್ಲಿ 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘ, ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ, ಗದಗ ಮತ್ತು ಹಾವೇರಿಯ ಜಿಲ್ಲಾ ಗ್ರಂಥಾಲಯಗಳು, ಮಠಗಳ ಸಂಗ್ರಹ, ಹಳೆಯ ಕಾಲೇಜುಗಳು, ನಿವೃತ್ತ ಮಾಸ್ತರರ ಮನೆಯ ಅಟ್ಟ: ಈ ಜಾಗಗಳಲ್ಲಿ ವಿಚಾರಿಸಿ. ಹೋಗುವಾಗ ‘ಕಳೆದಿದೆ’ ಎಂದಿರುವ ಸಾಲುಗಳನ್ನಷ್ಟೇ ಸೋಸಿ, ಮುದ್ರಿಸಿ ಒಯ್ಯಿರಿ. ‘ಹಳೆಯ ಸಂಚಿಕೆ ಇದ್ದರೆ ತೋರಿಸಿ’ ಎಂದರೆ ಯಾರೂ ಏಳುವುದಿಲ್ಲ. ‘1963ರ ಸೆಪ್ಟೆಂಬರದ ಎರಡು ಬೇಕಾಗಿತ್ರಿ’ ಎಂದರೆ ಏಣಿ ಬರುತ್ತದೆ. ರದ್ದಿ ಅಂಗಡಿಯನ್ನೂ ಬಿಡಬೇಡಿ. ಆದರೆ ಅಲ್ಲಿ ಸಿಕ್ಕದ್ದರಲ್ಲಿ ನಡುವಿನ ಹಾಳೆಗಳು ಇರುವುದಿಲ್ಲ ಎಂದು ಮೊದಲೇ ತಿಳಿದಿರಿ.

ಯಾವ ಪ್ರತಿ ಎಲ್ಲಿಯದು ಎಂಬ ಕಾಲಂ ಕಡ್ಡಾಯ. ಎರಡು ಊರಿನಲ್ಲಿ ಒಂದೇ ಸಂಚಿಕೆ ಸಿಕ್ಕಾಗ, ಹೆಚ್ಚು ಪುಟ ಇರುವುದನ್ನು ಹಿಡಿಯಿರಿ.

ಪುಟ ಎಣಿಸುವಾಗ

ನಡುವೆ ಪಿನ್ ಹೊಡೆದ ಪತ್ರಿಕೆಯ ಒಟ್ಟು ಪುಟ ಯಾವತ್ತೂ 4ರ ಮಗ್ಗಿಯಲ್ಲಿ ಬರಬೇಕು: 32, 36, 48, 64. ಕಾರಣ ಸರಳ. ಒಂದು ಹಾಳೆಯನ್ನು ನಡುವೆ ಮಡಿಸಿದರೆ ನಾಲ್ಕು ಪುಟ. ನಿಮ್ಮ ಎಣಿಕೆ 46 ಬಂದರೆ ಒಂದು ಎಲೆ ಹೋಗಿದೆ. ಅದರ ಜೋಡಿ ಎಲೆಯೂ ಸಡಿಲವಾಗಿ ಬಿದ್ದುಹೋಗುವ ಸಂಭವ ಹೆಚ್ಚು, ಅದು ಎಲ್ಲಿದೆ ಎಂದು ಲೆಕ್ಕದಿಂದ ಹೇಳಬಹುದು. 48 ಪುಟದ ಸಂಚಿಕೆಯಲ್ಲಿ ಜೋಡಿ ಪುಟಗಳ ಮೊತ್ತ 49. 5–6 ಕಳಚಿದ್ದರೆ 43–44 ನೋಡಿ.

ರಕ್ಷಾಪುಟದ ನಾಲ್ಕು ಪುಟಗಳನ್ನು ಕೂಡಿಸುವುದೋ ಬಿಡುವುದೋ ಮೊದಲ ದಿನವೇ ತೀರ್ಮಾನಿಸಿ. ಕೆಲವು ಪತ್ರಿಕೆಗಳು ಮುಖಪುಟವನ್ನೇ 1 ಎಂದು ಎಣಿಸುತ್ತಿದ್ದವು, ಕೆಲವು ಒಳಪುಟದಿಂದ. ನಡುವೆ ಪದ್ಧತಿ ಬದಲಿಸಿದ್ದೂ ಉಂಟು. ಪದ್ಧತಿ ಬದಲಾದ ವರ್ಷ ನಿಮ್ಮ ನಕ್ಷೆಯಲ್ಲಿ ನಾಲ್ಕು ಪುಟದ ಸುಳ್ಳು ಮೆಟ್ಟಿಲು ಮೂಡುತ್ತದೆ.

ಬೈಂಡರ್ ಮಾಡುವ ಅನ್ಯಾಯ ಬೇರೆ. ರಟ್ಟು ಹಾಕುವ ಮುಂಚೆ ಬಣ್ಣದ ರಕ್ಷಾಪುಟ ಕಿತ್ತೆಸೆಯುವುದು ಎಷ್ಟೋ ಕಡೆ ರೂಢಿಯಾಗಿತ್ತು. ಬೆಲೆ ಅಚ್ಚಾಗುತ್ತಿದ್ದುದು ಅಲ್ಲೇ. ಅಂಚು ಕತ್ತರಿಸುವಾಗ ಪುಟದ ತುದಿಯ ತಾರೀಖೂ ಹೋಗುತ್ತದೆ. ಹಾಗಾದಾಗ ‘ಮುಖಪುಟದಲ್ಲಿ ಯಾರು’ ಎಂಬ ಪ್ರಶ್ನೆಯನ್ನು ಆ ಬೈಂಡುಗಳ ಮೇಲೆ ಕೇಳುವಂತೆಯೇ ಇಲ್ಲ. ಬೇರೆ ಪ್ರಶ್ನೆ ಆರಿಸಿಕೊಳ್ಳಿ, ಅಥವಾ ಬೈಂಡಾಗದ ಪ್ರತಿ ಹುಡುಕಿ.

ತಾರೀಖಿನ ಕಂಟಕ

ತಾರೀಖನ್ನು ವರ್ಷ-ತಿಂಗಳು-ದಿನ ಕ್ರಮದಲ್ಲೇ, ವರ್ಷಕ್ಕೆ ನಾಲ್ಕಂಕಿ ಹಾಕಿ ಬರೆಯಿರಿ. ಕಂಪ್ಯೂಟರಿನ ಭಾಷಾ ಹೊಂದಿಕೆ ಅಮೆರಿಕದ್ದಾಗಿದ್ದರೆ 06-04-1958 ಎಂದು ಬರೆದದ್ದು ಏಪ್ರಿಲ್ 6 ಆಗದೆ ಜೂನ್ 4 ಆಗುತ್ತದೆ. ಹಿಡಿಯುವ ಉಪಾಯ: ಪಕ್ಕದ ಕಾಲಂನಲ್ಲಿ ವಾರದ ದಿನ ತೋರಿಸುವ ಸೂತ್ರ ಹಾಕಿ. 1958ರ ಏಪ್ರಿಲ್ 6 ರವಿವಾರ, ಜೂನ್ 4 ಬುಧವಾರ. ರವಿವಾರಗಳ ಸಾಲಿನಲ್ಲಿ ಬುಧವಾರ ಕಂಡರೆ ತಪ್ಪು ಅಲ್ಲಿದೆ. ಈ ಒಂದೇ ಪರೀಕ್ಷೆ ಅರ್ಧಕ್ಕಿಂತ ಹೆಚ್ಚು ತಪ್ಪು ಹಿಡಿದುಕೊಡುತ್ತದೆ. ಜೋಡಿ ಸಂಚಿಕೆಗೂ ಇದೇ ಕಾಟ. 3-4 ಎಂದು ಒತ್ತಿದರೆ ಎಕ್ಸೆಲ್ ಅದನ್ನು ತಾರೀಖು ಎಂದು ತಿಳಿದುಬಿಡುತ್ತದೆ. ‘ಮೊದಲ ಸಂಖ್ಯೆ’, ‘ಕೊನೆಯ ಸಂಖ್ಯೆ’ ಎಂದು ಎರಡು ಕಾಲಂ ಮಾಡಿದರೆ ಕಾಟ ಮುಗಿಯಿತು.

ಹಳೆಯ ಸಂಚಿಕೆಯ ಮೇಲೆ ಬರೀ ಶಕವರ್ಷ ಇದ್ದರೆ 78 ಕೂಡಿಸಿ, ಜನವರಿಯಿಂದ ಯುಗಾದಿಯ ಒಳಗಿನದಾದರೆ 79. ಶಕ 1843 ಎಂದರೆ ಯುಗಾದಿಯಿಂದ 1921. ಸಂವತ್ಸರದ ಹೆಸರನ್ನಷ್ಟೇ ನೆಚ್ಚಿಕೊಳ್ಳಬೇಡಿ. 1921-22 ದುರ್ಮತಿ, 1981-82 ಕೂಡ ದುರ್ಮತಿ. ಅರವತ್ತು ದಾಟಿ ಬದುಕಿದ ಪತ್ರಿಕೆಗೆ ಇದು ನಿಜವಾದ ತೊಡಕು, ಬಿಡಿ ಹಾಳೆ ಸಿಕ್ಕಾಗ ಕಾಗದ ಮತ್ತು ಜಾಹೀರಾತು ನೋಡಿ ತೀರ್ಮಾನಿಸಬೇಕು.

ಇನ್ನೊಂದು: ರವಿವಾರದ ತಾರೀಖಿನ ಸಂಚಿಕೆ ಅಚ್ಚುಮನೆಯಿಂದ ಕೆಲವು ದಿನ ಮೊದಲೇ ಹೊರಟಿರುತ್ತದೆ. ಶುಕ್ರವಾರ ನಡೆದದ್ದು ಆ ರವಿವಾರದ್ದರಲ್ಲಿ ಇರುವುದಿಲ್ಲ, ಮುಂದಿನದರಲ್ಲೂ ಪೂರ್ತಿ ಇರಲಿಕ್ಕಿಲ್ಲ. 1956ರ ನವೆಂಬರ್ 1ರ ಏಕೀಕರಣವೋ, ಗೋಕಾಕ ಚಳವಳಿಯೋ, ಘಟನೆಗೂ ಬರಹಕ್ಕೂ ಗಂಟು ಹಾಕುವಾಗ ಎರಡು ವಾರ ಸಡಿಲ ಬಿಡಿ.

ಬೆಲೆ: ಆಣೆಯಿಂದ ರೂಪಾಯಿಗೆ

ಬೆಲೆಯನ್ನು ಬರೆದಿಡುವ ಬಗೆಗೆ ಮೊದಲು ಒಂದು ಮಾದರಿ ನೋಡೋಣ. ಲಂಡನ್ನಿನ ವಾರಪತ್ರಿಕೆ ‘ದಿ ಎಕನಾಮಿಸ್ಟ್’ 1843ರ ಸೆಪ್ಟೆಂಬರಿನಲ್ಲಿ ಹುಟ್ಟಿತು. ಅದೇ ವರ್ಷ ಜುಲೈ 1ಕ್ಕೆ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದಿತ್ತು. ನಮ್ಮದು ಬೇಗ ನಿಂತಿತು, ಅವರದು ಇನ್ನೂ ನಡೆದಿದೆ. ‘ದಿ ಎಕನಾಮಿಸ್ಟ್’ 1986ರಿಂದ ‘ಬಿಗ್ ಮ್ಯಾಕ್ ಸೂಚ್ಯಂಕ’ ಎಂದು ಒಂದು ತಿನಿಸಿನ ಬೆಲೆಯನ್ನು ದೇಶದೇಶಗಳಲ್ಲಿ ಹೋಲಿಸುತ್ತದೆ, ಅಂಕಿಗಳನ್ನು ಗಿಟ್‌ಹಬ್ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಲು ಬಿಟ್ಟಿದೆ. ಅದನ್ನೊಮ್ಮೆ ಇಳಿಸಿ ನೋಡಿ. ತಿನಿಸು ಬಿಡಿ, ಕಲಿಯಬೇಕಾದದ್ದು ಜೋಡಣೆಯನ್ನು. ಅಂಗಡಿಯಲ್ಲಿ ಕಂಡ ಸ್ಥಳೀಯ ಬೆಲೆ ಒಂದು ಕಾಲಂ, ಡಾಲರ್ ವಿನಿಮಯ ದರ ಇನ್ನೊಂದು ಕಾಲಂ. ಮೂಲ ಅಂಕಿಗಳ ಕಡತವೇ ಬೇರೆ, ಲೆಕ್ಕ ಹಾಕಿ ಬಂದ ಕಡತವೇ ಬೇರೆ. ಕಂಡದ್ದನ್ನು ಲೆಕ್ಕದೊಂದಿಗೆ ಅಳಿಸಿ ಬರೆಯಬಾರದು ಎಂಬ ಶಿಸ್ತು ಅದು.

ನಮ್ಮ ಬೆಲೆಗೂ ಹಾಗೇ ಮಾಡಿ. ‘ಅಚ್ಚಾದ ಬೆಲೆ’ ಕಾಲಂನಲ್ಲಿ ಇದ್ದದ್ದು ಇದ್ದ ಹಾಗೆ: ‘4 ಆಣೆ’, ‘25 ನ.ಪೈ.’, ‘ರೂ. 1-50’. ಪಕ್ಕದಲ್ಲಿ ಎಲ್ಲವನ್ನೂ ಪೈಸೆಗೆ ತನ್ನಿ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು. ಅದಕ್ಕೂ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹೊಸ ಲೆಕ್ಕದಲ್ಲಿ ಆಣೆಗೆ 6.25 ಪೈಸೆ, 2 ಆಣೆಗೆ 12.5, 6 ಆಣೆಗೆ 37.5. ‘ನಯೇ ಪೈಸೆ’ಯಿಂದ ‘ನಯೇ’ ಎಂಬುದು 1964ರ ಜೂನ್ 1ಕ್ಕೆ ಬಿದ್ದುಹೋಯಿತು. 1957–58ರಲ್ಲಿ 2 ಆಣೆ 12 ಪೈಸೆಯಾದರೆ ಅದು ಬೆಲೆ ಇಳಿಕೆಯಲ್ಲ, 13 ಆದರೆ ಏರಿಕೆಯೂ ಅಲ್ಲ. ಅರ್ಧ ಪೈಸೆಯನ್ನು ಎತ್ತ ದೂಡಬೇಕು ಎಂಬ ಪ್ರಶ್ನೆ ಅಷ್ಟೇ.

ಅಂದಿನ 50 ಪೈಸೆ ಇಂದಿಗೆ ಎಷ್ಟು? ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಬಳಸಿ. ಅದರ ಮೂಲವರ್ಷ 1960, 1982, 2001, 2016 ಎಂದು ಬದಲಾಗುತ್ತ ಬಂದಿದೆ, ಸರಣಿಗಳನ್ನು ಬೆಸೆಯುವ ಗುಣಕಗಳು ಕ್ರಮವಾಗಿ 4.93, 4.63 ಮತ್ತು 2.88. ಮೂರನ್ನೂ ಗುಣಿಸಿದರೆ 65.74. ಅಂದರೆ 1960ರ 50 ಪೈಸೆ 2016ರ ಸುಮಾರು 32 ರೂಪಾಯಿ 87 ಪೈಸೆ. ಗುಣಕ ಹಾಕದೆ 1975ರ ಸೂಚ್ಯಂಕವನ್ನು 1995ರದರ ಪಕ್ಕ ಇಟ್ಟರೆ, ಮೂಲವರ್ಷ ಬೇರೆಯಾದ್ದರಿಂದ ಬೆಲೆಗಳೇ ಇಳಿದ ಹಾಗೆ ಕಾಣುತ್ತದೆ. ಈ ತಪ್ಪು ಪ್ರಬಂಧಗಳಲ್ಲೂ ಕಾಣಸಿಗುತ್ತದೆ. ಊರೂರಿನ ಕೇಂದ್ರಗಳ ಸೂಚ್ಯಂಕ ಬಳಸುವುದಾದರೆ ಆ ಕೇಂದ್ರದ ಗುಣಕವೇ ಬೇಕು, ಅಖಿಲ ಭಾರತದ್ದು ಹೊಂದುವುದಿಲ್ಲ.

ಪ್ರಸಾರ ಸಂಖ್ಯೆ

ಪತ್ರಿಕೆ ತನ್ನ ಮುಖಪುಟದ ಮೇಲೆ ‘ಅತ್ಯಧಿಕ ಪ್ರಸಾರ’ ಎಂದು ಹಾಕಿಕೊಂಡದ್ದನ್ನು ಜಾಹೀರಾತು ಎಂದೇ ಓದಿ. ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ 1948ರಿಂದ ಇದೆ. ಅದು ಜನವರಿ–ಜೂನ್, ಜುಲೈ–ಡಿಸೆಂಬರ್ ಎಂದು ಅರ್ಧ ವರ್ಷಕ್ಕೊಮ್ಮೆ ಸದಸ್ಯ ಪತ್ರಿಕೆಗಳ ಸಂಖ್ಯೆ ದೃಢೀಕರಿಸುತ್ತದೆ. 1956ರಲ್ಲಿ ಶುರುವಾದ ಪತ್ರಿಕಾ ನೋಂದಣಿ ಕಚೇರಿಯ ವಾರ್ಷಿಕ ವರದಿಗಳಲ್ಲೂ ಅಂಕಿಗಳಿವೆ, ಆದರೆ ಅವು ಬಹುಪಾಲು ಪ್ರಕಾಶಕರು ತಾವೇ ಬರೆದುಕೊಟ್ಟವು. ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಬೇಡಿ. ಓದುಗರ ಸಂಖ್ಯೆ ಎಂಬುದು ಮೂರನೆಯದು. ಒಂದು ಪ್ರತಿಯನ್ನು ಕಟಿಂಗ್ ಅಂಗಡಿಯಲ್ಲಿ ಹತ್ತು ಮಂದಿ ಓದುತ್ತಾರೆ, ಅದು ಪ್ರಸಾರವಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಗಣಿಯೊಂದು ಸಂಚಿಕೆಯ ಒಳಗೇ ಇದೆ. 1956ರ ನೋಂದಣಿ ನಿಯಮಗಳ ಪ್ರಕಾರ ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಪತ್ರಿಕೆಯವರು ‘ನಾಲ್ಕನೇ ನಮೂನೆ’ಯನ್ನು ಅಚ್ಚು ಹಾಕಬೇಕಿತ್ತು: ಪ್ರಕಟಣ ಸ್ಥಳ, ಅವಧಿ, ಮುದ್ರಕ, ಪ್ರಕಾಶಕ, ಸಂಪಾದಕ, ಒಡೆತನ. ಸಣ್ಣ ಅಕ್ಷರದಲ್ಲಿ ಕೊನೆಯ ಪುಟಗಳ ಮೂಲೆಯಲ್ಲಿ ಇರುತ್ತದೆ. ಮಾರ್ಚಿನ ಮೊದಲ ಸಂಚಿಕೆಗಳನ್ನಷ್ಟೇ ಸಾಲಾಗಿ ತೆರೆದರೆ ಸಂಪಾದಕರು, ಅಚ್ಚುಮನೆ, ಮಾಲೀಕತ್ವ ಬದಲಾದ ವರ್ಷಗಳ ಪಟ್ಟಿ ಒಂದು ಮಧ್ಯಾಹ್ನದಲ್ಲಿ ಸಿದ್ಧ. ಪ್ರಸಾರ ಸಂಖ್ಯೆ ಮಾತ್ರ ಆ ನಮೂನೆಯಲ್ಲಿ ಇರುವುದಿಲ್ಲ.

ಎಲ್ಲವನ್ನೂ ಓದಲಾಗದು, ಚೀಟಿ ಎತ್ತಿ

ಸಂಚಿಕೆಗೆ 25 ನಿಮಿಷ ಎಂದರೂ 3,130 ಸಂಚಿಕೆಗೆ 1,300 ಗಂಟೆ. ಆದ್ದರಿಂದ ಮಾದರಿ ಆರಿಸಬೇಕು. ವರ್ಷವನ್ನು 13 ವಾರದ ನಾಲ್ಕು ಭಾಗ ಮಾಡಿ, ಪ್ರತಿ ಭಾಗಕ್ಕೂ 1ರಿಂದ 13ರವರೆಗಿನ ಚೀಟಿ ಎತ್ತಿ ಒಂದೊಂದು ಸಂಚಿಕೆ ಹಿಡಿಯಿರಿ. ವರ್ಷಕ್ಕೆ 53 ವಾರ ಬಂದರೆ ಕೊನೆಯ ಭಾಗಕ್ಕೆ 14 ಚೀಟಿ. ಅರವತ್ತು ವರ್ಷಕ್ಕೆ 240 ಸಂಚಿಕೆ, 100 ಗಂಟೆ. ಇಬ್ಬರು ಸೇರಿದರೆ ಒಂದು ಬೇಸಿಗೆ ರಜೆಯ ಕೆಲಸ. ‘ಪ್ರತಿ 13ನೆಯದು’ ಎಂದು ಹೆಜ್ಜೆ ಹಾಕುತ್ತ ಹೋದರೆ ವರ್ಷವರ್ಷವೂ ಅದೇ ಋತುವಿಗೆ ಬಂದು ನಿಲ್ಲುತ್ತೀರಿ. ಸುಗ್ಗಿಯ ವಾರ ಬಿದ್ದರೆ ಪತ್ರಿಕೆಯ ತುಂಬ ಹತ್ತಿ-ಜೋಳ, ಪರೀಕ್ಷೆಯ ವಾರ ಬಿದ್ದರೆ ತುಂಬ ಶಾಲೆ. ಚೀಟಿಯಲ್ಲಿ ಬಂದ ಸಂಚಿಕೆ ‘ಕಳೆದಿದೆ’ ಎಂದಿದ್ದರೆ ಅದೇ ಭಾಗದಲ್ಲಿ ಮತ್ತೊಂದು ಚೀಟಿ ಎತ್ತಿ, ಬದಲಿಯಾದದ್ದನ್ನು ಬರೆದಿಡಿ.

ಮಾದರಿಗೆ ಎಷ್ಟು ಭಾರ ಹೊರಿಸಬಹುದು ಎಂಬ ಅಂದಾಜು ಇರಲಿ. 240 ಸಂಚಿಕೆಗಳಲ್ಲಿ ಶೇ 20ರಲ್ಲಿ ಒಂದು ವಿಷಯ ಕಂಡರೆ ಹೆಚ್ಚುಕಡಿಮೆ 5 ಅಂಶದ ಅಲುಗಾಟ ಇದ್ದೇ ಇರುತ್ತದೆ. ದಶಕವಾರು ಒಡೆದರೆ ದಶಕಕ್ಕೆ 40 ಸಂಚಿಕೆ, ಅಲುಗಾಟ 12 ಅಂಶಕ್ಕೆ ಏರುತ್ತದೆ. ಅರವತ್ತರ ದಶಕದಲ್ಲಿ ಶೇ 20, ಎಪ್ಪತ್ತರಲ್ಲಿ 26 ಎಂದು ಬಂದದ್ದನ್ನು ‘ಏರಿಕೆ’ ಎಂದು ತಲೆಬರಹ ಕೊಡುವಂತಿಲ್ಲ.

ವಿಷಯ ವಿಂಗಡಣೆಗೆ ಎಂಟು ವರ್ಗ ಸಾಕು, ಇಪ್ಪತ್ತು ಮಾಡಿದವರು ತಿಂಗಳೊಳಗೆ ತಾವೇ ಗೊಂದಲಕ್ಕೆ ಬೀಳುತ್ತಾರೆ. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದರದ ಲೇಖನ ಕೃಷಿಯೋ ವ್ಯಾಪಾರವೋ? ಉತ್ತರ ಯಾವುದಾದರೂ ಆಗಲಿ, ನಿಯಮವನ್ನು ಬರೆದಿಡಿ, ಮುಂದೆಯೂ ಅದನ್ನೇ ಪಾಲಿಸಿ. ಶುರುವಿನಲ್ಲಿ ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಅದೇ 30 ಸಂಚಿಕೆ ಗುರುತಿಸಿ ತಾಳೆ ನೋಡಬೇಕು. 24ರಲ್ಲಿ ಒಪ್ಪಿದರೆ ಶೇ 80 ಎಂದು ಬೀಗಬೇಡಿ. ‘ಇದು ಕೃಷಿಯೇ?’ ಎಂಬಂಥ ಪ್ರಶ್ನೆಗೆ ಇಬ್ಬರೂ ಹತ್ತಕ್ಕೆ ಏಳು ಸಲ ‘ಹೌದು’ ಎನ್ನುವವರಾದರೆ ಕಣ್ಣುಮುಚ್ಚಿ ಹೇಳಿದರೂ ಶೇ 58 ಒಪ್ಪುತ್ತಾರೆ. ಅದನ್ನು ಕಳೆದು ಲೆಕ್ಕ ಹಾಕುವ ಕೊಹೆನ್ ಕಪ್ಪಾ ಇಲ್ಲಿ 0.52 ಮಾತ್ರ. 0.7ರ ಕೆಳಗಿದ್ದರೆ ನಿಯಮ ತಿದ್ದಿ ಮತ್ತೆ ಮಾಡಿ.

ಜಾಹೀರಾತಿನ ಪಾಲು ಬೇಕಿದ್ದರೆ ಸಂಖ್ಯೆ ಎಣಿಸಬೇಡಿ, ಅಳೆಯಿರಿ. ಪುಟಕ್ಕೆ ಮೂರು ಅಂಕಣ, ಎತ್ತರ 24 ಸೆಂಟಿಮೀಟರ್ ಇದ್ದರೆ ಪುಟಕ್ಕೆ 72 ಕಾಲಂ ಸೆಂಟಿಮೀಟರ್, ಕಾಲು ಪುಟಕ್ಕೆ 18.

ಚಿತ್ರ ತೆಗೆದು, ಕಂಪ್ಯೂಟರಿಗೆ ಓದಿಸುವುದು

ಪುಟದ ಚಿತ್ರಕ್ಕೆ ಫೋನೇ ಸಾಕು, ಆದರೆ ಒಂದು ಸಲಕ್ಕೆ ಒಂದೇ ಪುಟ. 28 ಸೆಂಟಿಮೀಟರ್ ಎತ್ತರದ ಪುಟ 11 ಇಂಚು, ಇಂಚಿಗೆ 300 ಚುಕ್ಕೆಯಂತೆ 3,300 ಬೇಕು. 12 ಮೆಗಾಪಿಕ್ಸೆಲ್ ಫೋನಿನ ಉದ್ದದ ಬದಿ 4,000, ಸಾಕು. ಎರಡು ಪುಟ ಬಿಡಿಸಿ ಒಟ್ಟಿಗೆ ತೆಗೆದರೆ ಇಂಚಿಗೆ 240ಕ್ಕೆ ಇಳಿಯುತ್ತದೆ. ಕಣ್ಣಿಗೆ ಓದಲು ಬರುತ್ತದೆ, ಆದರೆ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿ ಯಂತ್ರಕ್ಕೆ ಗೋಜಲಾಗುತ್ತದೆ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಒಳ್ಳೆಯದು. ಬೈಂಡನ್ನು ಒತ್ತಿ ಚಪ್ಪಟೆ ಮಾಡಬೇಡಿ, ಐವತ್ತರ ದಶಕದ ಕಾಗದ ಮಡಿಕೆಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಧಾರವಾಡದ ಮಳೆಗಾಲದಲ್ಲಿ ಹಾಳೆ ತೇವ ಹೀರಿ ಅಲೆಯಾಗಿರುತ್ತದೆ. ಚಿತ್ರದ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಕಡತದ ಹೆಸರು 1958-04-06-01 ಹೀಗೆ ತಾರೀಖು ಮತ್ತು ಪುಟ, ಬರೀ ಅಂಕಿ.

ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ತಂತ್ರಾಂಶ ಕನ್ನಡ ಓದುತ್ತದೆ. ಮೊಳೆ ಅಚ್ಚಿನ ಪುಟದಲ್ಲಿ ‘ಮ’ ಮತ್ತು ‘ವು’, ‘ಘ’ ಮತ್ತು ‘ಫ’, ‘ದ’ ಮತ್ತು ‘ಧ’ ಅದಲುಬದಲಾಗುತ್ತವೆ. ಅನುಸ್ವಾರದ ಸೊನ್ನೆಯೂ ಅಂಕಿಯ ಸೊನ್ನೆಯೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. 20 ಪುಟ ಆರಿಸಿ ಪುಟಕ್ಕೆ 100 ಪದ ತಾಳೆ ನೋಡಿ. ನೂರಕ್ಕೆ 90 ಸರಿ ಬರದಿದ್ದರೆ ಪದ ಎಣಿಸುವ ಆಸೆ ಬಿಟ್ಟು, ಶೀರ್ಷಿಕೆಗಳನ್ನು ಕೈಯಿಂದ ಟೈಪ್ ಮಾಡಿ. ‘ಕಾರ್ಯ’ ಎಂಬುದನ್ನು ಅರ್ಕಾವೊತ್ತು ಹಾಕಿಯೂ ಹಾಕದೆಯೂ ಎರಡು ಬಗೆ ಬರೆಯುತ್ತಾರೆ, ಎಣಿಸುವ ಮುನ್ನ ಒಂದಕ್ಕೆ ತನ್ನಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿರುವುದನ್ನು ಯುನಿಕೋಡ್‌ಗೆ ಬದಲಿಸದೆ ಕೂಡಿಸಬೇಡಿ.

ಊರ ಹೆಸರು ಹುಡುಕುವಾಗ ನಮ್ಮ ಜಿಲ್ಲೆಗಳಲ್ಲಿ ವಿಶೇಷ ಮೋಸವಿದೆ. ‘ರೋಣ’ ಎಂದು ಹುಡುಕಿದರೆ ಬರೋಣ, ಸೇರೋಣ, ಇರೋಣ ಎಲ್ಲವೂ ಬರುತ್ತವೆ, ದ್ರೋಣಾಚಾರ್ಯರೂ ಬರುತ್ತಾರೆ. ಒಂದು ತಾಲ್ಲೂಕು ಇಡೀ ಕರ್ನಾಟಕದಲ್ಲಿ ಅತಿ ಹೆಚ್ಚು ಸುದ್ದಿಯಲ್ಲಿದ್ದ ಊರಾಗಿಬಿಡುತ್ತದೆ! ಪದದ ಶುರುವಿನಲ್ಲೇ ಇರಬೇಕು ಎಂಬ ಷರತ್ತು ಹಾಕಿ. ಗದಗಕ್ಕೆ ‘ಗದುಗು’ ಎಂದೂ, ಶಿಗ್ಗಾವಿಗೆ ‘ಶಿಗ್ಗಾಂವ’ ಎಂದೂ, ಹುಬ್ಬಳ್ಳಿಗೆ ‘ಹುಬ್ಳಿ’ ಎಂದೂ ಬರೆದಿರುತ್ತಾರೆ. ‘ರವಿವಾರ’ ಹುಡುಕುವಾಗ ‘ಭಾನುವಾರ’ವನ್ನೂ ಸೇರಿಸಿ.

ಜಿಲ್ಲೆಯ ಕಾಲಂ ಬೇಡ, ತಾಲ್ಲೂಕಿನ ಕಾಲಂ ಮಾಡಿ. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಅದಕ್ಕೂ ಮೊದಲು ‘ಧಾರವಾಡ ಜಿಲ್ಲೆ’ ಎಂದರೆ ಮೂರೂ ಸೇರಿ 17 ತಾಲ್ಲೂಕು. ಒಡೆದ ಮೇಲೆ ಧಾರವಾಡಕ್ಕೆ 5, ಗದಗಕ್ಕೆ 5, ಹಾವೇರಿಗೆ 7. ತಾಲ್ಲೂಕು ಬರೆದಿದ್ದರೆ ಯಾವ ಗಡಿಗೆ ಬೇಕಾದರೂ ಕೂಡಿಸಿಕೊಳ್ಳಬಹುದು. ಜಿಲ್ಲೆಯಷ್ಟೇ ಬರೆದಿದ್ದರೆ 1997ರಲ್ಲಿ ಧಾರವಾಡದ ಸುದ್ದಿ ಒಮ್ಮೆಲೇ ಕುಸಿದಂತೆ ಕಾಣುತ್ತದೆ.

ನಕ್ಷೆ, ಮತ್ತು ಕಡತ ಒಪ್ಪಿಸುವುದು

‘ಕಳೆದಿದೆ’ ಎಂದಿರುವ ಸಂಚಿಕೆಯ ಎಣಿಕೆಯ ಮನೆಯನ್ನು ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಸರಾಸರಿಯ ಸೂತ್ರ ಖಾಲಿಯನ್ನು ದಾಟಿ ಹೋಗುತ್ತದೆ, ಸೊನ್ನೆಯನ್ನು ಎಣಿಸಿಬಿಡುತ್ತದೆ. ‘-9’ ಎಂದು ಗುರುತು ಹಾಕುವ ಚಾಳಿ ಇನ್ನೂ ಕೆಟ್ಟದ್ದು. ನಕ್ಷೆಯ ಗೆರೆ ಅಲ್ಲಿ ತುಂಡಾಗಲಿ. ತುಂಡಾದ ಗೆರೆ ನಾಚಿಕೆಯ ವಿಷಯವಲ್ಲ.

ಒಟ್ಟು ಲೇಖನದ ಬದಲು ನೂರು ಪುಟಕ್ಕೆ ಎಷ್ಟು ಎಂದು ಹೇಳಿ. ಲೆಕ್ಕಕ್ಕೆಂದು ಹಿಡಿದ ಅಂಕಿ: 32 ಪುಟದ 52 ಸಂಚಿಕೆಯಲ್ಲಿ ಕೃಷಿಯ 40 ಲೇಖನ ಎಂದರೆ ನೂರು ಪುಟಕ್ಕೆ 2.4. ಮುಂದೆ 64 ಪುಟವಾಗಿ 60 ಲೇಖನ ಬಂದರೆ 1.8. ಲೇಖನ ಏರಿತು, ಪಾಲು ಇಳಿಯಿತು. ಯಾವುದನ್ನು ಹೇಳುತ್ತಿದ್ದೀರಿ ಎಂದು ನಕ್ಷೆಯ ಕೆಳಗೇ ಬರೆಯಿರಿ, ಜೊತೆಗೆ ಆ ವರ್ಷ ಎಷ್ಟು ಸಂಚಿಕೆಯಲ್ಲಿ ಎಷ್ಟು ನೋಡಿದ್ದು ಎಂಬುದನ್ನೂ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತು ಪರಿಸ್ಥಿತಿಯ ಅವಧಿಗೆ ಬೂದು ಪಟ್ಟಿ ಹಾಕಿ. ಸೆನ್ಸಾರ್ ಇದ್ದ ಕಾಲದ ರಾಜಕೀಯ ಲೇಖನಗಳ ಸಂಖ್ಯೆಯನ್ನು ಓದುಗರು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ.

ಅಂತಿಮ ಕಡತವನ್ನು ಸಿಎಸ್‌ವಿ (ಮನೆಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಠ್ಯ) ಆಗಿ, ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರಗಳನ್ನು ಉಳಿಸುವ ಬಗೆ) ಉಳಿಸಿ. ಎಕ್ಸೆಲ್‌ನಲ್ಲಿ ಅದನ್ನು ಎರಡು ಸಲ ಒತ್ತಿ ತೆರೆದರೆ ಕನ್ನಡ ಚೆಲ್ಲಾಪಿಲ್ಲಿಯಾಗಿ ಕಾಣಬಹುದು. ಕಡತ ಕೆಟ್ಟಿಲ್ಲ. ಡೇಟಾ ಪಟ್ಟಿಯಿಂದ ಕಡತ ತರಿಸಿ, ಯುಟಿಎಫ್-8 ಆರಿಸಿದರೆ ಸರಿಯಾಗುತ್ತದೆ. ತಾರೀಖು, ಪುಟಸಂಖ್ಯೆ, ಬೆಲೆ, ನಿಮ್ಮ ಎಣಿಕೆ ಇವನ್ನು ಹಂಚಬಹುದು. ಪುಟದ ಚಿತ್ರ ಮತ್ತು ಲೇಖನದ ಪೂರ್ತಿ ಪಠ್ಯ ಹಕ್ಕುಸ್ವಾಮ್ಯದ ಮಾತು, ಲೇಖಕರು ತೀರಿಕೊಂಡು 60 ವರ್ಷದವರೆಗೆ ಅದು ಉಳಿಯುತ್ತದೆ, ಅವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಕಡತದ ಜೊತೆ ಒಂದು ಪುಟದ ವಿವರಣೆ: ಕಾಲಂಗಳ ಅರ್ಥ, ವಿಂಗಡಣೆಯ ನಿಯಮ, ಚೀಟಿ ಎತ್ತಿದ ಬಗೆ, ಯಾವ ಗ್ರಂಥಾಲಯದ ಪ್ರತಿ. ‘ಕಳೆದಿದೆ’ ಎಂದಿರುವ ಸಾಲುಗಳ ಪಟ್ಟಿಯನ್ನು ಬೇರೆಯಾಗಿ ಮುದ್ರಿಸಿ, ನೀವು ಕೂತು ಕೆಲಸ ಮಾಡಿದ ಪ್ರತಿ ಗ್ರಂಥಾಲಯಕ್ಕೂ ಒಂದೊಂದು ಕೊಟ್ಟು ಬನ್ನಿ. ಅದನ್ನು ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿಕೊಳ್ಳಲು ಹೇಳಿ. ಮುಂದೆ ಯಾರದೋ ಮನೆಯ ಅಟ್ಟದಿಂದ ಒಂದು ಗಂಟು ಪತ್ರಿಕೆ ದಾನವಾಗಿ ಬಂದಾಗ, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ನೋಡಲು ಅಲ್ಲಿ ಇರುವುದು ಆ ಹಾಳೆ ಮಾತ್ರ.